ಮಗು ಮಲಗಿದಾಗ ಮಾಡುವ ಕೆಲಸವಲ್ಲ ಇದು

ನಮಸ್ಕಾರ.

ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಕಿಲ್ಲ. ಆದರೆ ಪತ್ರದಲ್ಲಿ ಏನಿತ್ತು ಎಂದು ಹೇಳದಿದ್ದರೆ ಉಳಿದ ಓದುಗರಿಗೆ ಈ ಉತ್ತರದ ತಲೆಬುಡ ತಿಳಿಯುವುದಿಲ್ಲ. ಕೌದಿ ವಿನ್ಯಾಸ ನಿಮ್ಮ ವೃತ್ತಿ. ನಮೂನೆಗಳನ್ನು ಬರೆದು ಮಾರುತ್ತೀರಿ, ಕೇಳಿದವರಿಗೆ ಹೊಲಿದೂ ಕೊಡುತ್ತೀರಿ. ಮಗುವಿಗೆ ಈಗ ಒಂಬತ್ತು ತಿಂಗಳು. ಮೊದಲ ಕೆಲವು ತಿಂಗಳು ಅದು ಮಲಗಿರುತ್ತಿತ್ತು, ನೀವು ಯಂತ್ರದ ಮುಂದೆ ಕೂತಿರುತ್ತಿದ್ದಿರಿ. ಎಲ್ಲರೂ ಹೆದರಿಸಿದಷ್ಟು ಕಷ್ಟವೇನಿಲ್ಲವಲ್ಲ ಎಂದುಕೊಂಡು ಎರಡು ದೊಡ್ಡ ಕೌದಿಗಳಿಗೆ ಮಾತು ಕೊಟ್ಟಿರಿ. ಈಗ ಮಗು ಅಂಬೆಗಾಲಿಡುತ್ತಿದೆ. ಒಂದು ಕೌದಿಯ ಗಡುವು ದಾಟಿದೆ, ಇನ್ನೊಂದರ ಬಟ್ಟೆಗೆ ಕತ್ತರಿಯೇ ಬಿದ್ದಿಲ್ಲ. "ಮಗು ಮಲಗಿದಾಗ ಮಾಡಿಕೋ ಎನ್ನುತ್ತಾರೆ, ಅದು ಮಲಗಿದಾಗ ನನ್ನ ತಲೆಯೇ ಓಡುವುದಿಲ್ಲ. ಮೂರು ವರ್ಷ ತುಂಬುವ ತನಕ ಕೆಲಸ ಬಿಟ್ಟುಬಿಡಲೇ?" ಎಂದು ಕೇಳಿದ್ದೀರಿ. ಕೊನೆಯಲ್ಲಿ, ಮಗುವಿಗೆಂದೇ ಹೊಲಿಯುತ್ತಿರುವ ಆನೆಯ ಕೌದಿಯ ಬಗ್ಗೆಯೂ ಒಂದು ಪ್ರಶ್ನೆ ಇದೆ.

ಬಿಡಬೇಡಿ. ಆದರೆ ಈಗ ಮಾಡುತ್ತಿರುವ ಹಾಗೆ ಮಾಡಲೂ ಬೇಡಿ.

ಮಗು ಮಲಗಿದಾಗ ಮಾಡಿಕೋ ಎನ್ನುವವರ ಪಾಲಿಗೆ ಕೌದಿ ಎಂದರೆ ಹೊಲಿಗೆ, ಅಷ್ಟೇ. ಕೂತರೆ ಸಾಗುತ್ತದೆ, ಎದ್ದರೆ ನಿಲ್ಲುತ್ತದೆ ಎಂಬ ಲೆಕ್ಕ ಅವರದು. ಹೊಲಿಗೆ ಈ ಕಸುಬಿನಲ್ಲಿ ಎಷ್ಟು ಕೊನೆಗೆ ಬರುತ್ತದೆ ಎಂಬುದು ನಿಮಗೆ ಗೊತ್ತು. ಅದಕ್ಕೂ ಮುಂಚೆ ಯಾವ ಬಣ್ಣ ಎದ್ದು ಕಾಣಬೇಕು, ಯಾವುದು ಹಿಂದೆ ಸರಿಯಬೇಕು ಎಂಬ ತೀರ್ಮಾನವಿದೆ, ಗ್ರಾಫ್ ಹಾಳೆಯಿದೆ, ಬಟ್ಟೆಯ ಅಂದಾಜಿದೆ, ಕತ್ತರಿಸುವುದಿದೆ. ಹೊಲಿಗೆಯಲ್ಲಾದರೂ ಸಸಾರವೇನಿದೆ? ಅಂಚಿಗೆ ಬಿಡುವ ಕಾಲು ಇಂಚನ್ನೇ ನೋಡಿ. ಒಂದು ಸಾಲಿನಲ್ಲಿ 12 ಜೋಡಣೆಗಳಿವೆ ಎನ್ನೋಣ. ಪ್ರತಿಯೊಂದರಲ್ಲೂ ಹೊಲಿಗೆ ಬರೀ 1 ಮಿಲಿಮೀಟರ್ ಒಳಗೆ ಸರಿದರೆ, ಎರಡೂ ಬದಿಯ ಬಟ್ಟೆ ಸೇರಿ 2 ಮಿಲಿಮೀಟರ್ ಹೋಯಿತು. ಸಾಲು ಮುಗಿಯುವ ಹೊತ್ತಿಗೆ 24 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಇಂಚು, ಕಾಣೆ. ಪಕ್ಕದ ಸಾಲಿಗೆ ಅದನ್ನು ಎಳೆದು ಕೂರಿಸಿದರೆ ಮೂಲೆಗೆ ಮೂಲೆ ಕೂಡುವುದಿಲ್ಲ, ಬಟ್ಟೆ ಅಲೆಯೇಳುತ್ತದೆ. ರಾತ್ರಿಯಿಡೀ ಎದ್ದೂ ಕೂತೂ ಬೆಳಗು ಮಾಡಿದವರ ಕೈ 1 ಮಿಲಿಮೀಟರ್ ಸರಿಯದೆ ಇದ್ದೀತೇ?

ಇನ್ನು ಆ ನಿದ್ದೆಯಾದರೂ ಎಂಥದು! ಆರೇಳು ತಿಂಗಳಿಗೆ ಹಗಲಿನ ನಿದ್ದೆ ಎರಡು ಮೂರು ಸಲಕ್ಕೆ ಇಳಿಯುತ್ತದೆ, ಒಂದರಿಂದ ಒಂದೂವರೆ ವರ್ಷದೊಳಗೆ ಹೆಚ್ಚಿನ ಮಕ್ಕಳಲ್ಲಿ ಒಂದು ಸಲಕ್ಕೆ ಬಂದು ನಿಲ್ಲುತ್ತದೆ. ಇವತ್ತಿನದು ಅರ್ಧ ಗಂಟೆಯದೋ ಒಂದೂವರೆ ಗಂಟೆಯದೋ ಹೇಳುವವರಿಲ್ಲ. ಇಸ್ತ್ರಿಪೆಟ್ಟಿಗೆ ಕಾಯುವಷ್ಟರಲ್ಲಿ ಒಳಗಿನಿಂದ ಸದ್ದು ಕೇಳಿಸುತ್ತದೆ. ಸದ್ದು ಬರದಿದ್ದರೂ ಕಿವಿ ಅಲ್ಲೇ ನೆಟ್ಟಿರುತ್ತದೆ. ಹಾಗೆ ಕಿವಿಯನ್ನು ಬಾಗಿಲಿಗೆ ಅಂಟಿಸಿಕೊಂಡು ಬಣ್ಣ ಆರಿಸಲು ಯಾರಿಂದಲೂ ಆಗದು. ನಿಮ್ಮ ತಲೆ ಓಡದಿರುವುದಕ್ಕೆ ಕಾರಣ ಇದು, ನಿಮ್ಮ ಕೈಗುಣ ಹೋಯಿತೆಂದಲ್ಲ.

ಆದ್ದರಿಂದ ಬಣ್ಣ, ಲೆಕ್ಕ, ಕತ್ತರಿ ಈ ಮೂರನ್ನು ಮಗುವಿನ ನಿದ್ದೆಯ ಮೇಲೆ ಭಾರ ಹಾಕಿ ಇಟ್ಟುಕೊಳ್ಳಬೇಡಿ. ಅವುಗಳಿಗೆ ಬೇರೆ ಯಾರಾದರೂ ಮಗುವನ್ನು ನೋಡಿಕೊಳ್ಳುವ, ದಿನ ಮತ್ತು ವೇಳೆ ಮೊದಲೇ ಗೊತ್ತಾಗಿರುವ ಗಂಟೆಗಳು ಬೇಕು. "ಮನೆಯವರು ಸಹಾಯ ಮಾಡುತ್ತಾರೆ" ಎಂದು ಬರೆದಿದ್ದೀರಿ. ಸಂತೋಷ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯ ತನಕ ಎಂದು ಮಾತ್ರ ಬರೆದಿಲ್ಲ. ವಾರಕ್ಕೆ ಎರಡು ದಿನ, ಒಂದೇ ಸಮನೆ ಮೂರು ಗಂಟೆ, ಮಗು ಪೂರ್ತಿ ಅವರ ಸುಪರ್ದಿಗೆ, ನೀವು ಬಾಗಿಲು ಹಾಕಿಕೊಂಡು ಒಳಗೆ: ಇಷ್ಟು ನಿಗದಿಯಾದರೆ ಕೆಲಸ ಉಳಿಯುತ್ತದೆ. ಅವರಿಂದ ಆಗದಿದ್ದರೆ ಸಂಬಳಕ್ಕೆ ಯಾರನ್ನಾದರೂ ಇಟ್ಟುಕೊಳ್ಳಿ, ಆ ಸಂಬಳವನ್ನು ಬಟ್ಟೆ, ದಾರದ ಖರ್ಚಿನ ಸಾಲಿನಲ್ಲೇ ಬರೆದು ಕೌದಿಯ ಬೆಲೆಗೆ ಸೇರಿಸಿ. ಯಂತ್ರಕ್ಕೆ ಎಣ್ಣೆ ಹಾಕಿದ ಖರ್ಚನ್ನು ಸೇರಿಸುವವರು ಇದನ್ನು ಬಿಡುವುದು ಯಾವ ನ್ಯಾಯವೋ ನನಗೆ ತಿಳಿಯದು.

ನಿದ್ದೆಯ ಹೊತ್ತಿಗೆ ತಲೆ ಬೇಡದ ಕೆಲಸ ಇಟ್ಟುಕೊಳ್ಳಿ. ಕತ್ತರಿಸಿಟ್ಟ ಜೋಡಿಗಳನ್ನು ದಾರ ತುಂಡರಿಸದೆ ಒಂದರ ಹಿಂದೊಂದು ಯಂತ್ರಕ್ಕೆ ಕೊಡುತ್ತಾ ಹೋಗುವುದು ಇದಕ್ಕೆ ಹೇಳಿ ಮಾಡಿಸಿದ್ದು. ಯಾವ ಜೋಡಿಯ ಬಳಿ ಎದ್ದು ಹೋದರೂ ನಷ್ಟವಿಲ್ಲ, ಮಾಲೆ ಅಲ್ಲೇ ಕಾದಿರುತ್ತದೆ. ಅಂಚುಪಟ್ಟಿಯ ಕೈಹೊಲಿಗೆಯೂ ಹಾಗೆಯೇ.

ಮಗು ಎದ್ದು ಕಾಲಬುಡದಲ್ಲಿ ಇರುವಾಗ ಸೂಜಿ ಬೇಡ, ಕತ್ತರಿ ಬೇಡ, ಇಸ್ತ್ರಿ ಬೇಡವೇ ಬೇಡ. ಆಗ ಬಟ್ಟೆಯನ್ನು ತಿಳಿ, ನಡು, ಗಾಢ ಎಂದು ವಿಂಗಡಿಸಬಹುದು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ, ಹೊಲಿಯುವ ಮುನ್ನ ತುಂಡುಗಳನ್ನು ಹಚ್ಚಿ ನೋಡುವ ಗೋಡೆಯ ಮೇಲಿನ ಜೋಡಣೆಯನ್ನು ಮೊಬೈಲಿನಲ್ಲಿ ಕಪ್ಪುಬಿಳುಪಾಗಿ ತೆಗೆದು ನೋಡಬಹುದು. ಬಣ್ಣದ ಬೆಡಗು ಕಳಚಿದಾಗ ಯಾವ ತುಂಡು ಪಕ್ಕದ್ದರಲ್ಲಿ ಕರಗಿಹೋಗುತ್ತಿದೆ ಎಂಬುದು ತಟ್ಟನೆ ಕಾಣಿಸುತ್ತದೆ.

ಗೋಡೆಯ ಮಾತು ಬಂತು. ಫ್ಲಾನೆಲ್ ಹೊದಿಸಿದ ಗೋಡೆಯಿಂದ ಮಗು ಕೆಳಗಿನ ಎರಡು ಸಾಲುಗಳನ್ನು ಕಿತ್ತು, ಒಂದನ್ನು ಬಾಯಿಗೆ ಹಾಕಿಕೊಂಡು ನಿಮ್ಮ ಕಡೆ ನೋಡಿ ನಕ್ಕಿತು, ನೀವು ಅತ್ತಿರಿ ಎಂದು ಬರೆದಿದ್ದೀರಿ. (ಈ ಭಾಗ ಓದಿ ನಮ್ಮ ಕಚೇರಿಯಲ್ಲಿ ಇಬ್ಬರು ನಕ್ಕರು. ಇಬ್ಬರಿಗೂ ಮಕ್ಕಳಿದ್ದಾರೆ, ಕ್ಷಮಿಸಿ.) ಫ್ಲಾನೆಲ್ಲಿನ ಕೆಳತುದಿ ನಿಮ್ಮ ಸೊಂಟದ ಎತ್ತರಕ್ಕಿಂತ ಮೇಲಿರಲಿ. ಇನ್ನೆರಡು ತಿಂಗಳಲ್ಲಿ ಮಗು ಹಿಡಿದುಕೊಂಡು ನಿಲ್ಲುತ್ತದೆ, ಆಗ ಇನ್ನೂ ಮೇಲಕ್ಕೆ ಸರಿಸಬೇಕಾಗುತ್ತದೆ, ಅದಕ್ಕೆ ಈಗಲೇ ಜಾಗ ಬಿಡಿ. ಕೋಣೆಯಿಂದ ಹೊರಡುವ ಮುನ್ನ ಪ್ರತಿ ಸಲ ಒಂದು ಫೋಟೊ. ಸಾಲಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಗುಂಡುಸೂಜಿಯಿಂದ ಚುಚ್ಚುತ್ತಿದ್ದೀರಿ. ಅದನ್ನು ಬಿಟ್ಟು ಪ್ರತಿ ತುಂಡಿನ ಹಿಂಬದಿಯಲ್ಲಿ, ಹೊಲಿಗೆಯೊಳಗೆ ಹೋಗುವ ಕಾಲು ಇಂಚಿನ ಜಾಗದಲ್ಲಿ, ಪೆನ್ಸಿಲಿನಿಂದ ಸಾಲು ಮತ್ತು ಸ್ಥಾನ ಬರೆಯಿರಿ. ಕಿತ್ತು ರಾಶಿ ಹಾಕಿದರೂ ಹತ್ತು ನಿಮಿಷದಲ್ಲಿ ಗೋಡೆ ಮೊದಲಿನಂತಾಗುತ್ತದೆ.

ಒಂಬತ್ತು ತಿಂಗಳ ಸುಮಾರಿಗೆ ಮಕ್ಕಳಿಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸಣ್ಣ ವಸ್ತುವನ್ನು ಹೆಕ್ಕುವುದು ಬರುತ್ತದೆ. ನಿಮ್ಮ ಕೋಣೆಯ ನೆಲ ನಿಮಗಿಂತ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿದುಬಿಡುವ ಯಾವ ವಸ್ತುವೂ ಮಗುವಿನ ಗಂಟಲಿಗೆ ಅಪಾಯ. ಬಾಬಿನ್ (ಯಂತ್ರದ ಕೆಳದಾರ ಸುತ್ತುವ ಪುಟ್ಟ ಉರುಳೆ), ಗುಂಡಿ, ಗುಂಡುಸೂಜಿಗೆ ಬದಲಾಗಿ ಬಂದಿರುವ ಚಿಕ್ಕ ಬಟ್ಟೆ ಕ್ಲಿಪ್, ಎಲ್ಲವೂ ಆ ಅಳತೆಯವೇ. ಎಲ್ಲಕ್ಕಿಂತ ಹೆಚ್ಚಾಗಿ ಗುಂಡಿ ಬ್ಯಾಟರಿಯ ಬಗ್ಗೆ ಹೇಳಲೇಬೇಕು. ಸಣ್ಣ ದೀಪಗಳಲ್ಲಿ, ಡಿಜಿಟಲ್ ಅಳತೆ ಸಾಧನಗಳಲ್ಲಿ ಅದು ಇರುತ್ತದೆ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ತೀವ್ರವಾಗಿ ಸುಡಬಲ್ಲದು. ಸೂಜಿ ಹಿಡಿಯುವ ಅಯಸ್ಕಾಂತಗಳೂ ಹಾಗೆಯೇ: ಒಂದಕ್ಕಿಂತ ಹೆಚ್ಚು ಹೊಟ್ಟೆ ಸೇರಿದರೆ ಕರುಳಿನ ಪದರಗಳ ಆಚೀಚೆಯಿಂದ ಒಂದನ್ನೊಂದು ಎಳೆದು ತೂತು ಮಾಡುತ್ತವೆ. ಎರಡರಲ್ಲಿ ಯಾವುದನ್ನಾದರೂ ನುಂಗಿರಬಹುದು ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ. ಬಟ್ಟೆ ಕತ್ತರಿಸುವ ರೋಟರಿ ಕಟರಿನ ಚಕ್ರದಂಥ ಅಲಗನ್ನು ಪ್ರತಿ ಕೊಯ್ತದ ನಂತರ ಮುಚ್ಚುವುದು, ಯಂತ್ರದ ಪ್ಲಗ್ ಕೀಳುವುದು, ಇಸ್ತ್ರಿಪೆಟ್ಟಿಗೆಯ ತಂತಿ ಮೇಜಿನಿಂದ ಇಳಿಬೀಳದಂತೆ ನೋಡುವುದು ನಿಮಗೆ ಗೊತ್ತಿರುವಂಥವೇ.

ಈಗ ವಿನ್ಯಾಸದ ಮಾತಿಗೆ ಬರೋಣ, ನನಗೆ ಪ್ರಿಯವಾದ ಭಾಗ ಇದು. ನಿಮ್ಮ ನಕ್ಷತ್ರದ ಬ್ಲಾಕುಗಳು, ಅಂದರೆ ಚೂರು ಜೋಡಿಸಿ ಮಾಡಿದ ಚೌಕಗಳು, ಅಂದವಾಗಿವೆ, ಆದರೆ ಅವು ಎಡೆಬಿಡದ ಗಮನ ಕೇಳುವಂಥವು. ಒಂದು ತ್ರಿಕೋನ ತಿರುಗಿ ಕೂತರೆ ಇಡೀ ಬ್ಲಾಕ್ ಬಿಚ್ಚಬೇಕು. ಮಧ್ಯದಲ್ಲಿ ಒಂದು ಚೌಕ ಇಟ್ಟು ಸುತ್ತಲೂ ಪಟ್ಟಿ ಕೂಡಿಸುತ್ತಾ ಹೋಗುವ ಲಾಗ್ ಕ್ಯಾಬಿನ್ ಎಂಬ ವಿನ್ಯಾಸ ನಿಮ್ಮ ಈ ಕಾಲಕ್ಕೆ ಒಗ್ಗುತ್ತದೆ. ಯಾವ ಪಟ್ಟಿಯ ಬಳಿ ನಿಲ್ಲಿಸಿದರೂ ಅದು ಅಲ್ಲಿಗೆ ಒಂದು ಬ್ಲಾಕ್. ಅಮೆರಿಕದ ಅಲಬಾಮದ ಜೀಸ್ ಬೆಂಡ್ ಎಂಬ ಪುಟ್ಟ ಊರಿನ ಕಪ್ಪು ಹೆಂಗಸರು ಹೌಸ್‌ಟಾಪ್ ಎಂದು ಕರೆಯುವುದು ಇದರದೇ ಬಳಗವನ್ನು. ಹೊಲದಲ್ಲಿ ದುಡಿದು, ಮಕ್ಕಳನ್ನು ಸಾಕುತ್ತಾ, ಸವೆದ ದುಡಿಮೆಯ ಬಟ್ಟೆಗಳ ತುಂಡುಗಳಲ್ಲೇ ಅವರು ಹೊಲಿದರು. ಪಟ್ಟಿಗಳ ಅಗಲ ಒಂದೇ ಸಮ ಇಲ್ಲ, ಮೂಲೆಗಳು ವಾಲುತ್ತವೆ, ಬಣ್ಣ ಎಲ್ಲಿಂದಲೋ ಜಿಗಿದು ಬರುತ್ತದೆ. 2002ರಲ್ಲಿ ಆ ಕೌದಿಗಳು ಹ್ಯೂಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲೂ ಆಮೇಲೆ ನ್ಯೂಯಾರ್ಕಿನ ವಿಟ್ನಿ ಕಲಾ ಸಂಗ್ರಹಾಲಯದಲ್ಲೂ ಗೋಡೆಯೇರಿದವು. 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೂ ಬಂದವು. ಹಾಗೆಯೇ ಹೊಲಿಯಿರಿ ಎನ್ನುತ್ತಿಲ್ಲ, ಅದು ಅವರ ಕೈ. ತಡೆತಡೆದು ಮಾಡುವ ಕೆಲಸಕ್ಕೆ ತಾಳಿಕೊಳ್ಳುವ ವಿನ್ಯಾಸಗಳಿವೆ, ಅವು ಎರಡನೇ ದರ್ಜೆಯವಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಚಿತ್ರಕಲಾವಿದೆ ಸೋನಿಯಾ ಡೆಲೋನೆಯ ವಿಷಯ ನೀವು ಕೇಳಿರಬಹುದು. 1911ರಲ್ಲಿ ಮಗ ಷಾರ್ಲ್ ಹುಟ್ಟಿದಾಗ, ಉಕ್ರೇನಿನ ರೈತರ ಮನೆಗಳಲ್ಲಿ ಕಂಡ ರೀತಿಯಲ್ಲಿ ಬಟ್ಟೆಯ ಚೂರುಗಳನ್ನು ಜೋಡಿಸಿ ಅವನಿಗೊಂದು ಹೊದಿಕೆ ಮಾಡಿದರು. ಮುಗಿಸಿ ನೋಡಿದರೆ ಅದು, ವಸ್ತುವನ್ನು ಜ್ಯಾಮಿತಿಯ ತುಂಡುಗಳಾಗಿ ಒಡೆದು ತೋರಿಸುವ ಆ ಕಾಲದ ಕ್ಯೂಬಿಸ್ಟ್ ಚಿತ್ರಗಳಂತೆ ಕಂಡಿತು. ಅದೇ ದಾರಿಯನ್ನು ಅವರು ಆಮೇಲೆ ಚಿತ್ರಗಳಿಗೆ, ಉಡುಪುಗಳಿಗೆ, ವಸ್ತುಗಳಿಗೆ ಒಯ್ದರು. ಆ ಹೊದಿಕೆ ಈಗ ಪ್ಯಾರಿಸ್ಸಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಮಗು ಬಂದರೆ ಕಲೆ ತಾನಾಗಿ ಅರಳುತ್ತದೆ ಎಂದು ಈ ಕಥೆಯನ್ನು ಹೇಳಿಕೊಂಡು ತಿರುಗುವವರಿದ್ದಾರೆ, ಅವರನ್ನು ನಂಬಬೇಡಿ. ನನಗೆ ಇದು ನೆನಪಾದದ್ದು ಬೇರೆ ಕಾರಣಕ್ಕೆ. ಆ ಹೊದಿಕೆಗೆ ಗಿರಾಕಿ ಇರಲಿಲ್ಲ. ನಿಮ್ಮ ಪತ್ರದ ಮೂರು ಪುಟಗಳಲ್ಲಿ ಬೇರೆಯವರು ಕಾಯುತ್ತಿರುವ ಕೌದಿಗಳ ಸಂಕಟವೇ ತುಂಬಿದೆ. ಆನೆಯ ಕೌದಿಯ ಮಾತು ಬಂದಲ್ಲಿ ಮಾತ್ರ ಅಕ್ಷರ ಸಲೀಸಾಗಿ ಹರಿದಿದೆ.

ಹೀಗಾಗಿ ನನ್ನ ಸಲಹೆ: ಮೂರು ವರ್ಷ ಬಿಡುವ ಬದಲು, ತಾರೀಖು ಕೊಟ್ಟು ಹೊಲಿದುಕೊಡುವ ಕೆಲಸವನ್ನು ಮಾತ್ರ ಒಂದು ವರ್ಷ ಬಿಡಿ. ನಮೂನೆ ಬರೆಯುವುದನ್ನು ಮುಂದುವರಿಸಿ. ಒಂದು ಸಲ ಬರೆದ ನಮೂನೆ ನೀವು ಮಗುವಿಗೆ ಸ್ನಾನ ಮಾಡಿಸುತ್ತಿರುವಾಗಲೂ ಮಾರಾಟವಾಗುತ್ತದೆ. ಅದನ್ನು ಪರೀಕ್ಷಿಸಿ ಹೊಲಿಯುವ ಕೆಲಸವನ್ನು ಬೇರೆ ಕೈಗಳಿಗೆ ಕೊಡಿ. ಆಯಾಸದಲ್ಲಿ ಬರೆದ ಲೆಕ್ಕಕ್ಕೆ ಇನ್ನೊಬ್ಬರ ಕಣ್ಣು ಬೇಕೇ ಬೇಕು.

ಉಳಿದಿರುವ ಎರಡು ಕೌದಿಗಳ ಗಿರಾಕಿಗಳಿಗೆ ಇವತ್ತೇ ಬರೆಯಿರಿ. ಮಗುವಿನ ಶೀತ, ಹಲ್ಲು, ನಿದ್ದೆಯ ಪುರಾಣ ಬೇಡ, ಅದು ಅವರಿಗೆ ಸಂಬಂಧವಿಲ್ಲ. ಮೊದಲನೆಯವರಿಗೆ: "ನಿಮ್ಮ ಕೌದಿಯ ಮೇಲ್ಪದರ ಇಷ್ಟು ಮುಗಿದಿದೆ, ಪೂರ್ತಿ ಕೌದಿ ಈ ತಾರೀಖಿಗೆ ಕೈಸೇರುತ್ತದೆ." ತಾರೀಖನ್ನು ಆಗಲೇ ಹೇಳಿದ ವಾರಕ್ಕೆ ಆರು ಗಂಟೆಗಳ ಲೆಕ್ಕದಲ್ಲಿ ಹಾಕಿ, ಬಂದದ್ದನ್ನು ಒಂದೂವರೆ ಪಟ್ಟು ಮಾಡಿ. ಪದರಗಳನ್ನು ಕೂಡಿಸಿ ಹೊಲಿಯುವ ಕೆಲಸವನ್ನು ದೊಡ್ಡ ಯಂತ್ರ ಇರುವವರಿಗೆ ಒಪ್ಪಿಸಿದರೆ ಅದು ಇನ್ನೂ ಬೇಗ ಮುಗಿಯುತ್ತದೆ. ಎರಡನೆಯವರಿಗೆ, ಬಟ್ಟೆ ಇನ್ನೂ ಕತ್ತರಿಸಿಲ್ಲವಾದ್ದರಿಂದ, ಕಾಯುತ್ತೀರೋ ಮುಂಗಡ ವಾಪಸು ಪಡೆಯುತ್ತೀರೋ ಎಂದು ನೇರವಾಗಿ ಕೇಳಿ. ವಾಪಸು ಎಂದರೆ ಮರುಮಾತಿಲ್ಲದೆ ಕೊಟ್ಟುಬಿಡಿ. ಹೆಚ್ಚಿನವರು ಕಾಯುತ್ತಾರೆ. ಜನಕ್ಕೆ ಸಿಟ್ಟು ಬರುವುದು ತಡಕ್ಕಲ್ಲ, ಸದ್ದಿಲ್ಲದಿರುವುದಕ್ಕೆ.

ಕೊನೆಗೆ ಆನೆ. ಒಂದು ವರ್ಷ ತುಂಬುವ ತನಕ ಆ ಕೌದಿಯನ್ನು ಮಗುವಿನ ತೊಟ್ಟಿಲಿಗೂ ಹಾಸಿಗೆಗೂ ತರಬೇಡಿ, ಎಷ್ಟೇ ಹಗುರವಾಗಿರಲಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸ್ಪಷ್ಟವಾಗಿಯೇ ಹೇಳುತ್ತದೆ: ಒಂದು ವರ್ಷದೊಳಗಿನ ಮಗು ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಬೇಕು, ಸುತ್ತಮುತ್ತ ಕೌದಿ, ದಿಂಬು, ಮೆತ್ತನೆಯ ಗೊಂಬೆ ಯಾವುದೂ ಇರಬಾರದು. ನಮೂನೆಯ ಮುಖಪುಟಕ್ಕೆ, ಕೌದಿ ಹೊದ್ದು ಮಲಗಿದ ಮಗುವಿನ ಚಿತ್ರ ತೆಗೆಯುವ ಯೋಚನೆಯನ್ನೂ ಬಿಡಿ. ನೋಡಿದವರು ಹಾಗೆಯೇ ಮಾಡುತ್ತಾರೆ. ಮಗು ಎಚ್ಚರವಾಗಿದ್ದಾಗ, ನೀವು ಪಕ್ಕದಲ್ಲಿದ್ದಾಗ, ನೆಲಕ್ಕೆ ಹಾಸಿ ಅದರ ಮೇಲೆ ಆಡಲು ಬಿಡಿ, ಆ ಚಿತ್ರ ತೆಗೆಯಿರಿ. ಕಣ್ಣಿಗೆ ಕಪ್ಪು ಗುಂಡಿ ಹಾಕಲೇ ಎಂದು ಕೇಳಿದ್ದೀರಿ. ಬೇಡ. ಎಷ್ಟು ಬಿಗಿಯಾಗಿ ಹೊಲಿದರೂ ಹೊಸ ಹಲ್ಲಿನ ಮುಂದೆ ದಾರ ನಿಲ್ಲುವುದಿಲ್ಲ. ದಾರವನ್ನು ಒತ್ತೊತ್ತಾಗಿ ತುಂಬಿ ಕಣ್ಣನ್ನು ಕಸೂತಿಯಲ್ಲೇ ಮಾಡಿ. ಬಾಲವನ್ನು ಇಳಿಬಿಡದೆ ಬಟ್ಟೆಗೆ ಹೊಂದಿಸಿ ಹೊಲಿಯಿರಿ. ಅಂಬಾರಿಗೆ ಆರಿಸಿಕೊಂಡ ಕೆಂಪು ಬಟ್ಟೆಯನ್ನು ಕತ್ತರಿಸುವ ಮೊದಲು ಬಿಳಿಯ ಚೂರೊಂದರ ಜೊತೆ ಬಿಸಿನೀರಿನಲ್ಲಿ ನೆನೆಹಾಕಿ ನೋಡಿ, ಬಿಳಿ ಗುಲಾಬಿಯಾದರೆ ಆನೆಗೆ ಬೇರೆ ಬಣ್ಣದ ಅಂಬಾರಿ ಹುಡುಕಿ.

ಸಂಪಾದಕ