ಮುತ್ಯಾನ ವಾರಪತ್ರಿಕೆ ಶುರುವಾದ ವರ್ಷ ಹುಡುಕೋದು ಹೇಗೆ

ಸರ್, ಶಹಾಪುರದಲ್ಲಿ ನಿಮ್ಮ ಮುತ್ಯಾ ನಡೆಸುತ್ತಿದ್ದ ವಾರಪತ್ರಿಕೆ ಯಾವ ವರ್ಷ ಶುರುವಾಯ್ತು ಅಂತ ಕೇಳಿದ್ದೀರಿ, ಉಳಿದಿರೋದು ನಾಲ್ಕೇ ಸಂಚಿಕೆ ಅಂದಿದ್ದೀರಿ. ನಾಲ್ಕು ಇದ್ದರೆ ಸುಮಾರು ಕೆಲಸ ಆಗುತ್ತೆ.

ಮೊದಲು ಪತ್ರಿಕೆ ಹೆಸರಿನ ಕೆಳಗಿನ ಸಾಲು ನೋಡಿ. ಸಂಪುಟ ಸಾಮಾನ್ಯವಾಗಿ ವರ್ಷಕ್ಕೊಂದು, ಹಾಗಾಗಿ 'ಸಂಪುಟ 12' ಅಂತಿದ್ದರೆ ಆ ಸಂಚಿಕೆಯ ವರ್ಷದಿಂದ 11 ವರ್ಷ ಹಿಂದೆ ಹೋಗಿ. ಪೂರ್ತಿ ನಂಬಬೇಡಿ ಮಾತ್ರ. ಕಾಗದಕ್ಕೆ ದುಡ್ಡಿಲ್ಲದೆ ನಿಂತು, ಮತ್ತೆ ಶುರುವಾದಾಗ ಸಂಪುಟದ ಲೆಕ್ಕ ತಪ್ಪಿರುತ್ತೆ.

ಮಾರ್ಚ್ ಮೊದಲ ವಾರದ ಸಂಚಿಕೆ ಇದೆಯಾ? ಇದ್ದರೆ ನಿಮ್ಮ ಅದೃಷ್ಟ. ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ 'ನಮೂನೆ 4' ಹಾಕಬೇಕಿತ್ತು. ಮುದ್ರಕ, ಪ್ರಕಾಶಕ, ಸಂಪಾದಕ, ಮಾಲೀಕ ಯಾರು, ಎಲ್ಲಿಂದ ಹೊರಡುತ್ತೆ, ಎಲ್ಲಾ ಅದರಲ್ಲಿರುತ್ತೆ. ನಾನು ನೋಡಿದ ಒಂದರಲ್ಲಿ ನಾಲ್ಕೂ ಕಡೆ ಒಂದೇ ಹೆಸರು! ಅಚ್ಚಿನ ಮೊಳೆ ಸವೆದು 'ವಿ' ಅಕ್ಷರ ನಾಲ್ಕೂ ಕಡೆ ಅರ್ಧವೇ ಬಿದ್ದಿತ್ತು.

ಇನ್ನೊಂದು ದಾರಿ ಇದೆ. ಆಗಿನ್ನೂ ಪತ್ರಿಕೆ, ಪುಸ್ತಕ ನೋಂದಣಿಯ 1867ರ ಕಾನೂನೇ ನಡೀತಿತ್ತು. ಪತ್ರಿಕೆ ಶುರುಮಾಡುವ ಮುಂಚೆ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಕೊಡಲೇಬೇಕಿತ್ತು, ಅದರ ತಾರೀಖು ಸಿಕ್ಕರೆ ಶುರುವಾದ ವರ್ಷವೂ ತಿಳಿಯುತ್ತೆ. ಯಾದಗಿರಿ ಬೇರೆ ಜಿಲ್ಲೆ ಆಗಿದ್ದು 2009ರ ಕೊನೆಗೆ, ಅಲ್ವಾ? ಅಲ್ಲಿವರೆಗೆ ಶಹಾಪುರ ಕಲಬುರಗಿ ಜಿಲ್ಲೆಯಲ್ಲೇ ಇತ್ತು. ಅದಕ್ಕೇ ಸುಮ್ನೆ ಯಾದಗಿರಿಗೆ ಓಡಾಡಬೇಡಿ, ಮೊದಲು ಕಲಬುರಗಿ ಡಿಸಿ ಆಫೀಸಿನಲ್ಲಿ ವಿಚಾರಿಸಿ. ಹೋಗುವಾಗ ಒಂದು ಸಂಚಿಕೆಯ ಜೆರಾಕ್ಸ್ ಇಟ್ಕೊಳ್ಳಿ, ಅಸಲಿ ಕೊಡಬೇಡಿ.