ಸೆನ್ಸರ್ ಬದಲಿಸಿದ ಮೇಲೂ ಪಿ0135 ಬಂದರೆ

ಗಾಡಿಗೆ ಹೊಸ ಆಕ್ಸಿಜನ್ ಸೆನ್ಸರ್ (ಎಕ್ಸಾಸ್ಟ್ ಹೊಗೆಯಲ್ಲಿನ ಆಮ್ಲಜನಕ ಅಳೆಯುವಂಥದ್ದು) ಹಾಕಿಸಿ ಮೂರೇ ದಿನಕ್ಕೆ ಪಿ0135 ಅನ್ನುವ ದೋಷದ ಕೋಡ್ ಮತ್ತೆ ಬಂತು, ಇನ್ನೊಂದು ಸೆನ್ಸರ್ ತರಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ತಡೆಯಿರಿ, ಈಗಲೇ ದುಡ್ಡು ಹಾಕಬೇಡಿ.

ಈ ಕೋಡ್ ಸೆನ್ಸರ್ ಕೊಡುವ ರೀಡಿಂಗಿಗೆ ಸಂಬಂಧಿಸಿದ್ದಲ್ಲ, ಅದರೊಳಗಿನ ಹೀಟರ್ ಸರ್ಕ್ಯೂಟಿಗೆ ಸಂಬಂಧಿಸಿದ್ದು. ಸೆನ್ಸರ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೇ ಸರಿಯಾಗಿ ಕೆಲಸ ಮಾಡೋದು. ಬೇಗ ಕಾಯಲಿ ಅಂತಲೇ ಆ ಹೀಟರ್. ಇಲ್ಲಿ ಹೇಳುತ್ತಿರುವುದು ಬ್ಯಾಂಕ್ 1, ಸೆನ್ಸರ್ 1: ಒಂದನೇ ಸಿಲಿಂಡರ್ ಇರುವ ಬದಿಯಲ್ಲಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ ಇರುವಂಥದ್ದು. ಬದಲಿಸಿದ್ದು ಅದನ್ನೇ ತಾನೇ? ಕನ್ವರ್ಟರ್ ಆಚೆಯದನ್ನು ಬದಲಿಸಿಬಿಡೋದೂ ಉಂಟು.

ಮೊದಲು ಹೀಟರಿನ ಫ್ಯೂಸ್ ನೋಡಿ. ಆಮೇಲೆ ಕನೆಕ್ಟರ್ ಬಿಚ್ಚಿ. ನಾಲ್ಕು ವೈರಿನ ಸೆನ್ಸರ್ ಆದರೆ ಒಂದೇ ಬಣ್ಣದ ಎರಡು ವೈರ್‌ಗಳು ಸಾಮಾನ್ಯವಾಗಿ ಹೀಟರಿನವು. ಸೆನ್ಸರ್ ತಣ್ಣಗಿದ್ದಾಗ ಅದರ ಕಡೆಯ ಆ ಎರಡು ವೈರ್‌ಗಳ ನಡುವೆ ಮಲ್ಟಿಮೀಟರ್ ಕೆಲವೇ ಓಮ್ ತೋರಿಸಬೇಕು. ಮೀಟರ್ ಓಪನ್ (ಸರ್ಕ್ಯೂಟ್ ಕಡಿದಿದೆ ಅಂತ) ತೋರಿಸಿದರೆ ಹೊಸ ಸೆನ್ಸರೇ ಕೆಟ್ಟಿದೆ. ಇನ್ನು ಇಂಜಿನ್ ಸ್ಟಾರ್ಟ್ ಮಾಡಿ, ಗಾಡಿ ಕಡೆಯ ಹೀಟರ್ ಸಪ್ಲೈ ಪಿನ್ನಿಗೂ ಬ್ಯಾಟರಿ ನೆಗೆಟಿವಿಗೂ ಮೀಟರ್ ಹಿಡಿಯಿರಿ. ಬ್ಯಾಟರಿಯಷ್ಟೇ ವೋಲ್ಟೇಜ್ ಬರಬೇಕು.

ಬರದಿದ್ದರೆ ವೈರನ್ನೇ ಹಿಂಬಾಲಿಸಿ, ಅದೂ ಇಂಜಿನ್ ಆಫ್ ಮಾಡಿ ಪೂರ್ತಿ ತಣ್ಣಗಾದ ಮೇಲೆ. ಕ್ಲಿಪ್ ಬಿಟ್ಟುಹೋಗಿ ಎಕ್ಸಾಸ್ಟ್ ಪೈಪಿಗೆ ತಾಗಿದ ಕಡೆ ವೈರಿನ ಹೊರಗಿನ ಹೊದಿಕೆ ಕಪ್ಪಾಗಿ, ಒಳಗಿನ ಪ್ಲಾಸ್ಟಿಕ್ ಕರಗಿ ತಾಮ್ರ ಕಾಣುತ್ತಿರುತ್ತದೆ. ಕನೆಕ್ಟರ್ ಪಿನ್ನಲ್ಲಿ ಹಸಿರು ಕಿಲುಬಿದೆಯಾ ಅಂತಲೂ ಟಾರ್ಚ್ ಹಾಕಿ ನೋಡಿ.

ಸಪ್ಲೈ ಸರಿಯಿದ್ದರೆ ಉಳಿಯೋದು ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೊಡುವ ಗ್ರೌಂಡ್ ಕಡೆ. ಇಸಿಯು ಕೆಟ್ಟಿದೆ ಅನ್ನುವ ಮೊದಲು ಆ ವೈರಿನ ಕಂಟಿನ್ಯುಟಿ, ಅಂದರೆ ನಡುವೆ ಎಲ್ಲೂ ಕಡಿದಿಲ್ಲವೇ ಅಂತ, ನೋಡಲೇಬೇಕು. ಎಷ್ಟು ವೋಲ್ಟ್, ಎಷ್ಟು ಓಮ್ ಬಂತು ತಿಳಿಸಿ, ಮುಂದಿನದು ನೋಡೋಣ.