ಹಡಗಿನಲ್ಲಿ ಬೇರೆ ದುಡ್ಡು ಕೊಟ್ಟು ಊಟ ಮಾಡಬೇಕಾ?

ಪ್ರಶ್ನೆ: ನಾವು ಟಿಳಕವಾಡಿಯವರು, ಮನೆಯಲ್ಲಿ ಆರು ಮಂದಿ. ಅಪ್ಪ, ಅವ್ವ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ನಡೆಯುವುದಿಲ್ಲ. ಮಕ್ಕಳ ರಜೆಯಲ್ಲಿ ಸಿಂಗಪುರದಿಂದ ಹೊರಡುವ ಕ್ರೂಸ್ ಬುಕ್ ಮಾಡಿದ್ದೇವೆ. ಟಿಕೆಟ್‌ನಲ್ಲೇ ಮೇನ್ ಡೈನಿಂಗ್ ರೂಮ್, ಅಂದರೆ ಹಡಗಿನ ದೊಡ್ಡ ಊಟದ ಹಾಲ್‌ನ ಊಟ ಸೇರಿದೆ. ಆದರೆ ಏಜೆಂಟರು ಮೇಲಿಂದ ಮೇಲೆ ಫೋನ್ ಮಾಡಿ ಸ್ಪೆಷಾಲಿಟಿ ರೆಸ್ಟೋರೆಂಟ್ (ಹಡಗಿನೊಳಗೇ ಬೇರೆ ದುಡ್ಡು ಕೊಟ್ಟು ಉಣ್ಣುವ ಹೋಟೆಲ್) ಪ್ಯಾಕೇಜ್ ತಗೊಳ್ಳಿ, ಅಲ್ಲಿ ಊಟ ಬಹಳ ಚಲೋ ಇರುತ್ತದೆ ಅನ್ನುತ್ತಿದ್ದಾರೆ. ತಗೊಳ್ಳಬೇಕಾ?
– ಓದುಗರು, ಬೆಳಗಾವಿ

ಉತ್ತರ: ಬೇಡ. ನಿಮ್ಮ ಮನೆಯವರಿಗೆ ಅದರಿಂದ ಉಪಯೋಗ ಇಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಪತ್ರದಂಥವೇ ಈ ಸಲ ಜಾಸ್ತಿ ಬಂದಿವೆ.

ಮೊದಲು ಲೆಕ್ಕ ನೋಡಿ. ದೊಡ್ಡ ಹಡಗುಗಳಲ್ಲಿ ಸ್ಪೆಷಾಲಿಟಿ ರೆಸ್ಟೋರೆಂಟ್‌ನ ರಾತ್ರಿ ಊಟಕ್ಕೆ ಸಾಮಾನ್ಯವಾಗಿ ತಲೆಗೆ 40ರಿಂದ 70 ಡಾಲರ್ ಬೀಳುತ್ತದೆ, ಅದರ ಮೇಲೆ 18ರಿಂದ 20 ಶೇಕಡಾ ಟಿಪ್ಸ್ ಅವರೇ ಸೇರಿಸುತ್ತಾರೆ. 50 ಡಾಲರ್ ಅಂತ ಹಿಡಿದರೂ ಆರು ಮಂದಿಗೆ 300, ಟಿಪ್ಸ್ ಸೇರಿ 354 ಡಾಲರ್. ಚಿಕ್ಕ ಮಕ್ಕಳಿಗೆ ರೇಟು ಕಡಿಮೆ ಇರುತ್ತದೆ, ಆದರೂ ಒಂದೇ ಒಂದು ರಾತ್ರಿ ಊಟಕ್ಕೆ ಹತ್ತಿರ ಹತ್ತಿರ 30 ಸಾವಿರ ರೂಪಾಯಿ. ಕಾರ್ಡ್‌ನಲ್ಲಿ ಡಾಲರ್ ಖರ್ಚು ಮಾಡಿದರೆ ಬ್ಯಾಂಕಿನವರ ಚಾರ್ಜು ಬೇರೆ.

ಇಷ್ಟು ಕೊಟ್ಟು ಸಿಗುವುದು ಏನು? ಮೇನ್ ಡೈನಿಂಗ್ ರೂಮ್‌ನಲ್ಲಿ ಸಾವಿರಾರು ಮಂದಿಗೆ ಎರಡು ಮೂರು ತಾಸಿನಲ್ಲಿ ಬಡಿಸಿ ಮುಗಿಸಬೇಕು, ಹಾಗಾಗಿ ಅಡುಗೆ ದೊಡ್ಡ ಪ್ರಮಾಣದಲ್ಲಿ ಆಗುತ್ತದೆ, ಪ್ಲೇಟು ತುಂಬಿದ ಮೇಲೆ ನಿಮ್ಮ ಟೇಬಲ್‌ಗೆ ಬರುವವರೆಗೆ ಸ್ವಲ್ಪ ಹೊತ್ತು ಕಾಯುತ್ತದೆ. ಸ್ಪೆಷಾಲಿಟಿಯಲ್ಲಿ ಟೇಬಲ್ ಕಡಿಮೆ, ನೀವು ಹೇಳಿದ ಮೇಲೆ ಒಲೆ ಮೇಲೆ ಇಡುತ್ತಾರೆ. ಮದುವೆ ಮನೆ ಪಂಕ್ತಿಯಲ್ಲಿ ಬಡಿಸಿದ ರೊಟ್ಟಿಗೂ, ಖಾನಾವಳಿಯಲ್ಲಿ ಹಂಚಿನಿಂದ ನೇರ ತಾಟಿಗೆ ಬಿದ್ದ ಬಿಸಿ ರೊಟ್ಟಿಗೂ ಇರುವ ವ್ಯತ್ಯಾಸ ಅಷ್ಟೇ. ಈ ವ್ಯತ್ಯಾಸ ಜೋರಾಗಿ ಗೊತ್ತಾಗುವುದು ಸ್ಟೇಕ್ (ಹುರಿದ ದಪ್ಪ ಮಾಂಸದ ತುಂಡು), ಮೀನು, ಸಿಗಡಿಯಂಥ ತಿನಿಸಿನಲ್ಲಿ, ಏಕೆಂದರೆ ಅವು ಎರಡು ನಿಮಿಷ ತಡವಾದರೂ ಗಟ್ಟಿಯಾಗುತ್ತವೆ. ದಾಲ್, ಪನ್ನೀರ್ ಪಲ್ಯ, ತರಕಾರಿ ಸೂಪ್ ಹತ್ತು ನಿಮಿಷ ಕಾದರೆ ಏನೂ ಆಗುವುದಿಲ್ಲ. ಅಂದರೆ ನೀವು ಕೊಡುವ ಹೆಚ್ಚಿನ ದುಡ್ಡೆಲ್ಲ ಹೋಗುವುದು ಮಾಂಸ, ಮೀನಿನ ಕಡೆಗೆ. ಅದನ್ನು ಮುಟ್ಟದವರು ಯಾಕೆ ಕೊಡಬೇಕು?

ಇನ್ನೊಂದು ಮಾತು, ಇದನ್ನು ಏಜೆಂಟರು ಹೇಳುವುದಿಲ್ಲ. ಇಟಾಲಿಯನ್ ಅಂದ ಕೂಡಲೇ ನಮ್ಮವರು ವೆಜ್ ಅಂದುಕೊಳ್ಳುತ್ತಾರೆ. ಆದರೆ ಹಸಿ ಪಾಸ್ತಾದ ಹಿಟ್ಟಿಗೆ ಮೊಟ್ಟೆ ಹಾಕಿ ಕಲಸುವುದು ಅಲ್ಲಿನ ರೂಢಿ. ಅಸಲಿ ಪಾರ್ಮೆಸಾನ್ ಚೀಸ್ ಮಾಡಲು ಹಾಲು ಒಡೆಸುವುದೇ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಪನ್ನಾ ಕೋಟಾ ಅನ್ನುವ ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಜೆಲಾಟಿನ್ ಇರುತ್ತದೆ. ಜಪಾನೀ ಹೋಟೆಲ್‌ನಲ್ಲಿ ಬರೀ ತರಕಾರಿ ಕಾಣುವ ಸೂಪ್‌ನ ತಳದಲ್ಲೂ ಒಣ ಮೀನಿನ ರಸ ಇರುವುದೇ ಹೆಚ್ಚು, ಥಾಯ್ ಅಡುಗೆಯಲ್ಲಿ ಮೀನಿನ ಸಾಸ್. ಟೆಪ್ಪನ್ಯಾಕಿಯಲ್ಲಿ ಕಣ್ಣೆದುರೇ ಹುರಿದು ಕೊಡುತ್ತಾರೆ, ಮಕ್ಕಳಿಗೆ ಖುಷಿ ಆಗುತ್ತದೆ ಖರೆ, ಆದರೆ ಅದೇ ಕಾವಲಿ ಮೇಲೆ ಪಕ್ಕದಲ್ಲಿ ಮಾಂಸ ಬೇಯುತ್ತಿರುತ್ತದೆ. ನಿಮ್ಮ ಅವ್ವ ಅದನ್ನು ನೋಡಿಕೊಂಡು ಊಟ ಮಾಡುತ್ತಾರಾ? ಅಷ್ಟು ದುಡ್ಡು ಕೊಟ್ಟು, ಹಿರಿಯರು ಎಲೆ ಸಲಾಡ್ ಮುಂದೆ ಸುಮ್ನೆ ಕೂತಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ನನಗೆ ಬಹಳ ಸಂಕಟವಾಯಿತು.

ಹಾಗಾದರೆ ಏನು ಮಾಡಬೇಕು? ಮೇನ್ ಡೈನಿಂಗ್ ರೂಮ್‌ನಲ್ಲಿ ಎರಡು ಪದ್ಧತಿ ಇರುತ್ತವೆ. ಒಂದು, ಯಾವಾಗ ಬೇಕಾದರೂ ಹೋಗಿ ಕೂರುವುದು. ಇನ್ನೊಂದು, ದಿನಾ ಅದೇ ಹೊತ್ತು, ಅದೇ ಟೇಬಲ್, ಅದೇ ವೇಟರ್. ಎರಡನೆಯದನ್ನೇ ಆರಿಸಿ. ಮೊದಲ ಪಾಳಿ ಸಂಜೆ ಐದೂವರೆ, ಆರಕ್ಕೆ ಇರುತ್ತದೆ, ಅದು ನಮ್ಮವರಿಗೆ ಚಹಾ ಹೊತ್ತು. ಎರಡನೆಯದು ಎಂಟು, ಎಂಟೂವರೆಗೆ, ಅದೇ ಸರಿ ಹೊಂದುತ್ತದೆ. ಮೊದಲ ದಿನವೇ ಹೆಡ್ ವೇಟರ್‌ನ ಕರೆದು, ನಾವು ಇಷ್ಟು ಮಂದಿ, ಮೊಟ್ಟೆ ಬೇಡ, ಮಾಂಸದ ಸ್ಟಾಕ್ (ಮಾಂಸ ಕುದಿಸಿದ ರಸ) ಬೇಡ, ನಾಳೆ ಒಂದು ದಾಲ್, ಒಂದು ಪಲ್ಯ, ಅನ್ನ ಬೇಕು ಅಂತ ಬಾಯಿಬಿಟ್ಟು ಹೇಳಿ. ಬಹಳ ಹಡಗುಗಳಲ್ಲಿ ಅಡುಗೆಮನೆ, ಬಡಿಸುವ ಕಡೆ ಎರಡರಲ್ಲೂ ಭಾರತದವರು ಇರುತ್ತಾರೆ, ಹಿಂದಿನ ದಿನ ಹೇಳಿಟ್ಟರೆ ಮೆನುವಿನಲ್ಲಿ ಇಲ್ಲದ್ದನ್ನೂ ಮಾಡಿಸಿ ಕೊಡುತ್ತಾರೆ. ಮೂರನೇ ದಿನಕ್ಕೆ ಆ ವೇಟರ್‌ಗೆ ನಿಮ್ಮ ಅಪ್ಪನಿಗೆ ಮೊಸರು ಬೇಕು, ಅವ್ವನಿಗೆ ಖಾರ ಬೇಕು ಅನ್ನುವುದೆಲ್ಲ ನೆನಪಿರುತ್ತದೆ. ಈ ಆರೈಕೆ ಸ್ಪೆಷಾಲಿಟಿಯಲ್ಲಿ ಸಿಗುವುದಿಲ್ಲ, ಏಕೆಂದರೆ ಅಲ್ಲಿ ನೀವು ಒಂದು ರಾತ್ರಿಯ ಗಿರಾಕಿ. ನಾನು ಮೇನ್ ಡೈನಿಂಗ್ ರೂಮ್ ಪರವಾಗಿ ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಏಜೆಂಟರಿಗೆ ಒಂದು ಕೆಲಸ ಹೇಳಿ: ಪ್ಯಾಕೇಜ್ ಮಾತು ಬಿಟ್ಟು, ನಿಮ್ಮ ಸಸ್ಯಾಹಾರದ ವಿಷಯವನ್ನು ಬುಕಿಂಗ್‌ನಲ್ಲೇ ಬರೆಸಲಿ.

ಪ್ರಶ್ನೆ: ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಕ್ರೂಸ್ ಹೋಗುತ್ತಿದ್ದೇವೆ, ಏಳು ರಾತ್ರಿ. ನಾನು ನಾನ್‌ವೆಜ್ ತಿನ್ನುತ್ತೇನೆ, ನಮ್ಮನೆಯವರು ತಿನ್ನುವುದಿಲ್ಲ. ಒಂದು ರಾತ್ರಿಯಾದರೂ ಒಳ್ಳೆ ರೆಸ್ಟೋರೆಂಟ್‌ಗೆ ಕರೆದುಕೊಂಡು ಹೋಗಬೇಕು ಅಂತ ಆಸೆ. ತಪ್ಪಾ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ತಪ್ಪೇನಿಲ್ಲ, ಖಂಡಿತ ಹೋಗಿ. ಇಪ್ಪತ್ತೈದು ವರ್ಷ ಆಗಿದೆ ಅಂದರೆ ಒಂದು ಶಾಂತ ಟೇಬಲ್, ಎರಡು ತಾಸು ಮಾತು, ಅದಕ್ಕೆ ದುಡ್ಡು ಕೊಡಬಹುದು. ಮೇನ್ ಡೈನಿಂಗ್ ರೂಮ್‌ನಲ್ಲಿ ಗದ್ದಲ ಇರುತ್ತದೆ, ಪಕ್ಕದ ಟೇಬಲ್ ಕೈಗೆಟುಕುವಷ್ಟು ಹತ್ತಿರ ಇರುತ್ತದೆ.

ಯಾವ ರಾತ್ರಿ ಅನ್ನುವುದು ಮುಖ್ಯ. ಏಳು ರಾತ್ರಿಯ ಪ್ರವಾಸದಲ್ಲಿ ಒಂದೋ ಎರಡೋ ಫಾರ್ಮಲ್ ನೈಟ್, ಅಂದರೆ ಎಲ್ಲರೂ ಚೆನ್ನಾಗಿ ಉಡುಪು ಹಾಕಿಕೊಂಡು ಊಟಕ್ಕೆ ಬರುವ ರಾತ್ರಿ ಇರುತ್ತವೆ. ಅವತ್ತು ಮೇನ್ ಡೈನಿಂಗ್ ರೂಮ್‌ನಲ್ಲೇ ಮೆನು ಜೋರು, ಎಷ್ಟೋ ಹಡಗುಗಳಲ್ಲಿ ಲಾಬ್‌ಸ್ಟರ್ ಕೊಡುವುದೂ ಅವತ್ತೇ. ಆ ರಾತ್ರಿ ಬಿಟ್ಟು ಬೇರೆ ಕಡೆ ದುಡ್ಡು ಕೊಟ್ಟು ಕೂತರೆ ಎರಡು ಕಡೆ ನಷ್ಟ. ಹಡಗು ಹತ್ತಿದ ಮೊದಲ ರಾತ್ರಿ ಸ್ಪೆಷಾಲಿಟಿಗಳು ಖಾಲಿ ಇರುತ್ತವೆ, ಬಹಳ ಸಲ ರಿಯಾಯಿತಿಯೂ ಸಿಗುತ್ತದೆ, ಹತ್ತಿದ ಕೂಡಲೇ ವಿಚಾರಿಸಿ. ಇಡೀ ದಿನ ಸಮುದ್ರದಲ್ಲೇ ಇರುವಾಗ ಕೆಲವು ಸ್ಟೇಕ್ ಹೋಟೆಲ್‌ಗಳು ಮಧ್ಯಾಹ್ನವೂ ತೆರೆದಿರುತ್ತವೆ, ಹೆಚ್ಚುಕಡಿಮೆ ಅದೇ ಅಡುಗೆ, ರೇಟು ಕಡಿಮೆ.

ಯಾವ ರೆಸ್ಟೋರೆಂಟ್ ಅಂದರೆ, ನಿಮಗೆ ಮಾಂಸ ಬೇಕು, ಅವರಿಗೆ ಬೇಡ, ಹಾಗಾಗಿ ಸ್ಟೇಕ್ ಹೋಟೆಲ್‌ಗಿಂತ ಇಟಾಲಿಯನ್ ವಾಸಿ. ಪ್ರಿನ್ಸೆಸ್ ಎಂಬ ಕ್ರೂಸ್ ಕಂಪನಿಯಲ್ಲಿ ಸಬಾಟಿನೀಸ್, ಹಾಲೆಂಡ್ ಅಮೆರಿಕ ಎಂಬ ಕಂಪನಿಯಲ್ಲಿ ಕನಲೆಟ್ಟೋ ಅಂಥವು. ನಿಮ್ಮನೆಯವರು ಮೊಟ್ಟೆ ತಿನ್ನುವುದಿಲ್ಲ ಅಂದರೆ ಬುಕ್ ಮಾಡುವಾಗಲೇ ಹೇಳಿ, ಒಣ ಪಾಸ್ತಾದಲ್ಲಿ ಮಾಡಿಕೊಡುತ್ತಾರೆ, ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ. ಮನಸ್ಸು ಬದಲಾದರೆ ಹಿಂದಿನ ದಿನವೇ ರದ್ದು ಮಾಡಿ, ತಡ ಮಾಡಿದರೆ ದುಡ್ಡು ಕತ್ತರಿಸುವ ಕಂಪನಿಗಳೇ ಜಾಸ್ತಿ. ಇಳಕಲ್ ಸೀರೆ ಉಟ್ಟುಕೊಂಡು ಹೋಗಲು ಹೇಳಿ, ಫಾರ್ಮಲ್ ನೈಟ್‌ಗೂ ಸೀರೆ ಸಲೀಸಾಗಿ ನಡೆಯುತ್ತದೆ. ನಿಮಗೆ ಚಡ್ಡಿ, ಚಪ್ಪಲಿ ನಡೆಯುವುದಿಲ್ಲ.

ಪ್ರಶ್ನೆ: ಊಟ ಟಿಕೆಟ್‌ನಲ್ಲಿ ಸೇರಿದೆ ಅಂತ ಹೇಳಿ, ಆಮೇಲೆ ಒಳಗೆ ಇನ್ನೊಂದು ಹೋಟೆಲ್ ಇಟ್ಟು ದುಡ್ಡು ಕೀಳುವುದು ಈಚೆಗೆ ಶುರುವಾದ ಚಾಳಿಯಾ? ಇದರಿಂದ ಫ್ರೀ ಊಟದ ಗುಣಮಟ್ಟ ಇಳಿಯುವುದಿಲ್ಲವಾ?
– ನಿವೃತ್ತ ಶಿಕ್ಷಕರು, ವಿಜಯಪುರ

ಉತ್ತರ: ಚಾಳಿ ಹಳೆಯದು, ಸರ್. 1905ರಲ್ಲೇ ಜರ್ಮನಿಯ ಅಮೆರಿಕಾ ಎಂಬ ಹಡಗಿನಲ್ಲಿ ರಿಟ್ಜ್ ಹೆಸರಿನ ರೆಸ್ಟೋರೆಂಟ್ ಇತ್ತು, ಟಿಕೆಟ್ ಊಟ ಬಿಟ್ಟು ಅಲ್ಲಿ ಬೇರೆ ದುಡ್ಡು ಕೊಟ್ಟು ಊಟ ಮಾಡುತ್ತಿದ್ದರು. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲೂ ಮೊದಲ ದರ್ಜೆಯವರಿಗೆ ಅಂಥದ್ದೊಂದು ಇತ್ತು. ಈಗಿನ ರೂಪಕ್ಕೆ ದೊಡ್ಡ ತಳ್ಳು ಕೊಟ್ಟದ್ದು ನಾರ್ವೇಜಿಯನ್ ಎಂಬ ಕ್ರೂಸ್ ಕಂಪನಿ, 2000ದ ಹೊತ್ತಿಗೆ ಫ್ರೀಸ್ಟೈಲ್ ಅಂತ ಹೆಸರಿಟ್ಟು ಹೊತ್ತು, ಟೇಬಲ್ ಎರಡರ ಕಟ್ಟೂ ಬಿಚ್ಚಿದರು. ಆಮೇಲೆ ಒಂದೊಂದು ಹಡಗಿನಲ್ಲಿ ಹತ್ತಾರು ಹೋಟೆಲ್ ಬಂದವು.

ಗುಣಮಟ್ಟದ ಬಗ್ಗೆ ನಿಮ್ಮ ಅನುಮಾನ ಸರಿ. ಕೆಲವು ಕಡೆ ಮೇನ್ ಡೈನಿಂಗ್ ರೂಮ್ ಮೆನುವಿನಲ್ಲೇ ಒಳ್ಳೆ ಸ್ಟೇಕ್‌ಗೆ ಬೇರೆ ರೇಟು ಬರೆದಿರುತ್ತಾರೆ, ಕಾರ್ನಿವಲ್ ಕಂಪನಿಯ ಹಡಗುಗಳಲ್ಲಿ ಮೂರನೇ ಮುಖ್ಯ ಐಟಂ ಕೇಳಿದರೆ ಚಾರ್ಜು ಹಾಕುತ್ತಾರೆ. ಇದು ನನಗೂ ಹಿಡಿಸುವುದಿಲ್ಲ. ಟಿಕೆಟ್‌ನಲ್ಲಿ ಸೇರಿದೆ ಅಂತ ನಂಬಿ ಕೂತವರ ಮುಂದೆ ರೇಟು ಬರೆದ ಕಾರ್ಡ್ ಇಡುವುದು ಮರ್ಯಾದೆ ಅಲ್ಲ. ಹಾಗಂತ ಹಸಿದು ಏಳುವ ಸ್ಥಿತಿ ಎಲ್ಲೂ ಇಲ್ಲ, ಒಂದು ಬಿಟ್ಟು ಎರಡು ಸ್ಟಾರ್ಟರ್ ಕೇಳಿದರೂ ಬೇಡ ಅನ್ನುವುದಿಲ್ಲ. ಊಟದ ಬಗ್ಗೆ ದೂರು ಇದ್ದರೆ ಅಲ್ಲೇ, ಅವತ್ತೇ ಹೆಡ್ ವೇಟರ್‌ಗೆ ಹೇಳಿ. ಊರಿಗೆ ಬಂದು ಬರೆದ ಪತ್ರಕ್ಕಿಂತ ಅಲ್ಲಿ ಆಡಿದ ಎರಡು ಮಾತಿಗೆ ಬೆಲೆ ಹೆಚ್ಚು.

ಪ್ರಶ್ನೆ: ನಮಗೆ ಹಲಾಲ್ ಬೇಕು. ಸ್ಪೆಷಾಲಿಟಿಗೆ ದುಡ್ಡು ಕೊಟ್ಟರೆ ಸಿಗುತ್ತದಾ?
– ಓದುಗರು, ಗಾಂಧಿ ಚೌಕ, ವಿಜಯಪುರ

ಉತ್ತರ: ದುಡ್ಡು ಕೊಟ್ಟ ಮಾತ್ರಕ್ಕೆ ಸಿಗುವುದಿಲ್ಲ. ದುಬಾರಿ ಸ್ಟೇಕ್ ಹೋಟೆಲ್‌ನ ಮಾಂಸ ಹಲಾಲ್ ಆಗಿರಲೇಬೇಕು ಅಂತೇನೂ ಇಲ್ಲ. ರೆಸ್ಟೋರೆಂಟ್ ಆರಿಸುವ ಮೊದಲು ಹಡಗು ಆರಿಸಿ. ಸಿಂಗಪುರದಿಂದ ಹೊರಡುವ ಜೆಂಟಿಂಗ್ ಡ್ರೀಮ್ ಹಡಗಿನಲ್ಲಿ ಹಲಾಲ್ ಅಡುಗೆಗೂ, ಸಸ್ಯಾಹಾರಿ ಮತ್ತು ಜೈನ ಅಡುಗೆಗೂ ವ್ಯವಸ್ಥೆ ಇಟ್ಟಿದ್ದಾರೆ. ನಿಮ್ಮ ತಾರೀಖಿಗೆ ಯಾವ ಹಡಗು ಬರುತ್ತದೆ ನೋಡಿ, ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸಿಕೊಂಡು ಆಮೇಲೆ ದುಡ್ಡು ಕಟ್ಟಿ.

ಪ್ರಶ್ನೆ: ಮುಂಬೈಯಿಂದ ಗೋವಾಕ್ಕೆ ಹೋಗುವ ಸಣ್ಣ ಕ್ರೂಸ್‌ನಲ್ಲೂ ಇದೇ ಲೆಕ್ಕವಾ?
– ಕಾಲೇಜು ಗೆಳತಿಯರು, ಬೆಳಗಾವಿ

ಉತ್ತರ: ಅಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಕಾರ್ಡೇಲಿಯಾ ಕಂಪನಿ 2021ರಿಂದ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹಡಗು ಬಿಡುತ್ತಿದೆ. ಅಡುಗೆ ಭಾರತದ್ದೇ, ಜೈನ ಊಟವೂ ಇದೆ. ಒಂದೆರಡು ರಾತ್ರಿಯ ಪ್ರವಾಸದಲ್ಲಿ ಟಿಕೆಟ್‌ನ ಊಟವನ್ನೇ ಪೂರ್ತಿ ನೋಡಿ ಮುಗಿಸಲು ಹೊತ್ತು ಸಾಲುವುದಿಲ್ಲ. ಬೇರೆ ದುಡ್ಡು ಕೊಡಬೇಡಿ.

ಪ್ರಶ್ನೆ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಮೀನಗಡದ ಕರದಂಟು ಒಯ್ಯಬಹುದಾ? ಅತ್ತೆಯವರಿಗೆ ಹಡಗಿನ ಊಟ ಸೇರದಿದ್ದರೆ ಅಂತ ಚಿಂತೆ.
– ಗೃಹಿಣಿ, ಹುನಗುಂದ

ಉತ್ತರ: ಮನೆಯಲ್ಲಿ ಮಾಡಿದ ಅಡುಗೆಯನ್ನು ಅನೇಕ ಕಂಪನಿಗಳು ಹಡಗಿಗೆ ಹತ್ತಿಸುವುದಿಲ್ಲ. ಅಂಗಡಿಯ ಸೀಲ್ ಇರುವ ಒಣ ಪ್ಯಾಕೆಟ್‌ಗೆ ಸಾಮಾನ್ಯವಾಗಿ ಬಿಡುತ್ತಾರೆ. ಹಾಗಾಗಿ ಚಟ್ನಿಪುಡಿ, ರೊಟ್ಟಿ ಎರಡನ್ನೂ ಪ್ಯಾಕ್ ಮಾಡಿದ್ದನ್ನೇ ಕೊಳ್ಳಿ, ಬೇಕಾದವರು ಮೇನ್ ಡೈನಿಂಗ್ ರೂಮ್‌ಗೆ ಚಟ್ನಿಪುಡಿ ಒಯ್ದು ಅನ್ನಕ್ಕೆ ಹಾಕಿಕೊಂಡರೆ ಅಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಕರದಂಟಿನ ವಿಷಯದಲ್ಲಿ ಮಾತ್ರ ಹುಷಾರು. ಎಷ್ಟೋ ಕರದಂಟಿಗೆ ಗಸಗಸೆ ಹಾಕಿರುತ್ತಾರೆ. ಸಿಂಗಪುರಕ್ಕೂ ದುಬೈಗೂ ಗಸಗಸೆ ಒಯ್ಯುವಂತಿಲ್ಲ, ಅಲ್ಲಿ ಅದನ್ನು ಮಾದಕ ವಸ್ತುವಿನ ಕಾನೂನಿನಡಿ ನೋಡುತ್ತಾರೆ. ಪ್ಯಾಕೆಟ್ ಹಿಂದೆ ಏನೇನು ಹಾಕಿದ್ದಾರೆ ಓದಿ, ಗಸಗಸೆ ಇದ್ದರೆ ಕರದಂಟು ಮನೆಯಲ್ಲೇ ಇರಲಿ. ಮಸಾಲೆ ಪುಡಿಗೂ ಇದೇ ಮಾತು.